ಕೇಳುವ ಬೆಲೆ, ಕೊಳ್ಳುವ ಬೆಲೆ

ಮನೆಯ ಸಾಮಾನಿನ ಬೆಲೆಗಳು ಹೆಂಡತಿಗಿಂತ ತನಗೇ ಚೆನ್ನಾಗಿ ಗೊತ್ತು ಎಂದು ಎದೆ ತಟ್ಟಿ ಹೇಳಬಲ್ಲ ಗಂಡಸರು ಈ ದೇಶದಲ್ಲಿ ಬಹಳ ಇರಲಾರರು. ನಾನು ಹಾಗೆ ಹೇಳುತ್ತಿದ್ದೆ. ಹೇಳುತ್ತಿದ್ದೆ ಮಾತ್ರವಲ್ಲ, ಅದಕ್ಕೆ ಕೇಂದ್ರ ಸರ್ಕಾರದಿಂದ ಸಂಬಳವನ್ನೂ ತೆಗೆದುಕೊಳ್ಳುತ್ತಿದ್ದೆ. ನನ್ನ ಕೆಲಸ ಬೆಲೆ ಕೇಳುವುದು. ಪ್ರತಿ ತಿಂಗಳೂ ಕೊಚ್ಚಿಯ ಕೆಲವು ಗೊತ್ತಾದ ಅಂಗಡಿಗಳಿಗೆ ಹೋಗಿ, ಅಕ್ಕಿಯಿಂದ ಹಿಡಿದು ಅಗರಬತ್ತಿಯವರೆಗೆ ಒಂದೊಂದರ ಬೆಲೆ ಕೇಳಿ, ಇಲಾಖೆ ಕೊಟ್ಟಿರುವ ಮೊಬೈಲಿನಲ್ಲಿ ಒತ್ತಿ ಕಳಿಸುವುದು. ದೇಶದ ಮೂಲೆಮೂಲೆಗಳಿಂದ ನನ್ನಂಥವರು ಹೀಗೆ ಕಳಿಸಿದ ಬೆಲೆಗಳನ್ನೆಲ್ಲ ದೆಹಲಿಯಲ್ಲಿ ಕುಟ್ಟಿ, ಸೋಸಿ, ಒಂದು ಅಂಕಿ ತೆಗೆಯುತ್ತಾರೆ. ಪತ್ರಿಕೆಯಲ್ಲಿ ‘ಹಣದುಬ್ಬರ’ ಎಂದು ಬರುವುದು ಅದೇ. ನೀವು ಬೆಳಗಿನ ಕಾಫಿ ಕುಡಿಯುತ್ತಾ ಬೈಯುವ ಆ ಅಂಕಿಯಲ್ಲಿ ನನ್ನದೂ ಒಂದು ಚಿಟಿಕೆ ಉಪ್ಪಿದೆ ಎಂಬುದು ನನ್ನ ಬಾಳಿನ ದೊಡ್ಡ ಹೆಮ್ಮೆ.

ಈ ವಿದ್ಯೆ ನನಗೆ ಕರಗತವಾದದ್ದು ಕೊಚ್ಚಿಗೆ ವರ್ಗವಾಗುವ ಮೊದಲು, ತಿರುವನಂತಪುರದಲ್ಲಿ. ತುಮಕೂರಿನಿಂದ ಬಂದು ಇಳಿದಾಗ ನನಗೆ ಮಲಯಾಳದಲ್ಲಿ ‘ಎಷ್ಟು’ ಎಂಬುದೊಂದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಈ ಕೆಲಸಕ್ಕೆ ಅಷ್ಟೇ ಸಾಕು ಎಂದು ನನ್ನ ಮೇಲಧಿಕಾರಿ ನಾಯರ್ ಸಾರ್ ಧೈರ್ಯ ತುಂಬಿದರು. ಅವರು ಚಾಲ ಬಜಾರಿನ ತುಂಬ ನನ್ನನ್ನು ತಿರುಗಿಸಿ ಎರಡು ನಿಯಮ ಕಲಿಸಿದರು. ಬೆಲೆ ಕೇಳುವ ಅಂಗಡಿಯಲ್ಲಿ ಯಾವತ್ತೂ ಏನನ್ನೂ ಕೊಳ್ಳಬಾರದು, ಅವರು ಕೊಟ್ಟ ಚಹಾ ಕೂಡ ಮುಟ್ಟಬಾರದು. ಆ ಅಂಗಡಿ ಯಾವುದು ಎಂದು ಯಾರಿಗೂ, ಕಟ್ಟಿಕೊಂಡ ಹೆಂಡತಿಗೂ, ಹೇಳಬಾರದು. ಮೊದಲನೆಯದು ನಿಷ್ಠೆ, ಎರಡನೆಯದು ಗೌಪ್ಯ. ನಾನು ಎರಡನ್ನೂ ಏಕಾದಶಿ ಉಪವಾಸಕ್ಕಿಂತ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದೆ. ನಾಯರ್ ಸಾರ್ ಕಲಿಸದೆ ಬಿಟ್ಟ ಒಂದೇ ವಿಷಯ ಮುಖದ್ದು. ನನ್ನ ಮುಖ ಹುಟ್ಟಿನಿಂದಲೇ ಸಾವಿನ ಮನೆಗೆ ಹೊರಟವನ ಹಾಗೆ ಇದೆ. ಮದುವೆ ಫೋಟೋದಲ್ಲೂ ಹಾಗೆಯೇ ಇದೆ, ಬೇಕಾದರೆ ಸುಮಂಗಲೆ ತೋರಿಸುತ್ತಾಳೆ. ಯಾರಾದರೂ ಬೆಲೆ ಹೇಳಿದರೆ ನನ್ನ ಬಾಯಿಂದ ತಾನಾಗಿ ‘ಶಿವ ಶಿವಾ’ ಎಂದು ಬಂದುಬಿಡುತ್ತದೆ, ಆಮೇಲೆ ಒಂದು ನಿಟ್ಟುಸಿರು. ಅದರಲ್ಲಿ ದುಃಖವೇನೂ ಇಲ್ಲ. ಕೆಲವರಿಗೆ ಆಕಳಿಕೆ ಬರುವ ಹಾಗೆ ನನಗೆ ನಿಟ್ಟುಸಿರು ಬರುತ್ತದೆ, ಅಷ್ಟೇ.

ಸುಮಂಗಲೆ ನನ್ನ ಹೆಂಡತಿ. ಕಾಸರಗೋಡಿನವಳು. ಕನ್ನಡ, ಮಲಯಾಳ ಎರಡನ್ನೂ ಒಂದೇ ಉಸಿರಿನಲ್ಲಿ ಮಾತಾಡುತ್ತಾಳೆ, ಜಗಳಕ್ಕೆ ಯಾವುದು ಒದಗುತ್ತದೋ ಅದನ್ನು ಹಿಡಿಯುತ್ತಾಳೆ. ನಮ್ಮ ಮನೆಗೆ ಬೇಕಾದದ್ದನ್ನೆಲ್ಲ ತರುವವಳು ಅವಳೇ, ಏಕೆಂದರೆ ನಾನು ಬೆಲೆ ಕೇಳಿ ಬರಿಗೈಯಲ್ಲಿ ಹಿಂದಿರುಗುವುದಕ್ಕೆ ಎಷ್ಟು ಒಗ್ಗಿಹೋಗಿದ್ದೆನೆಂದರೆ, ಮದುವೆಯಾದ ಹೊಸತರಲ್ಲಿ ಕೊತ್ತಂಬರಿ ಸೊಪ್ಪಿಗೆ ಕಳಿಸಿದಾಗ ಅದರ ಬೆಲೆ ಮಾತ್ರ ತಂದಿದ್ದೆ. ಅವಳು ಸಾಮಾನು ತಂದು ಮೇಜಿನ ಮೇಲಿಟ್ಟಾಗ ನಾನು ಪ್ರತಿಯೊಂದರ ಬೆಲೆ ವಿಚಾರಿಸುತ್ತಿದ್ದೆ. ಅವಳು ಹೇಳಿದ್ದು ಯಾವಾಗಲೂ ನನ್ನ ಮೊಬೈಲಿನಲ್ಲಿದ್ದದ್ದಕ್ಕಿಂತ ಹೆಚ್ಚಾಗಿರುತ್ತಿತ್ತು. “ನಿನಗೆ ಯಾರೋ ಚೆನ್ನಾಗಿ ಟೋಪಿ ಹಾಕ್ತಿದಾರೆ ಕಣೇ. ನಮ್ಮ ಪಾಲಾರಿವಟ್ಟಂನಲ್ಲಿ ಕೊಬ್ಬರಿ ಎಣ್ಣೆಗೆ ಇಷ್ಟು ರೇಟೇ ಇಲ್ಲ,” ಎನ್ನುತ್ತಿದ್ದೆ. ಅವಳು, “ಹಾಗಾದ್ರೆ ಆ ನಿಮ್ಮ ಧರ್ಮರಾಯನ ಅಂಗಡಿ ಎಲ್ಲಿ ಉಂಟು ಮಾರಾಯ್ರೇ? ಒಮ್ಮೆ ತೋರಿಸಿ. ನಾನು ಚಾಪೆ ದಿಂಬು ತಗೊಂಡು ಅಲ್ಲಿಗೇ ಹೋಗ್ತೇನೆ,” ಎನ್ನುತ್ತಿದ್ದಳು. ನಾನು ಗೌಪ್ಯ ಎಂದು ಬಾಯಿ ಹೊಲಿದುಕೊಳ್ಳುತ್ತಿದ್ದೆ. ಅಂಗಡಿಯ ಹೆಸರು ಹೇಳದೆ ಹೆಂಡತಿಗೆ ವ್ಯಾಪಾರ ಬರುವುದಿಲ್ಲ ಎಂದು ಸಾಧಿಸುವ ಕಲೆಯನ್ನು ನಾನು ಹೀಗೆ ವರ್ಷಗಟ್ಟಲೆ ಅಭ್ಯಾಸ ಮಾಡಿದೆ.

ಅಷ್ಟರಲ್ಲಿ ಸಮುದ್ರದಾಚೆ ಎಲ್ಲೋ ಯಾರೋ ಯಾರ ಮೇಲೋ ಗುಂಡು ಹಾರಿಸಿ, ಹಡಗುಗಳು ದಾರಿ ಬದಲಿಸಿದವು. ಕೆಲವು ಬರಲೇ ಇಲ್ಲ. ಬಂದರಿರುವ ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ರೇನುಗಳು ತಪಸ್ಸಿಗೆ ನಿಂತವು. ಅಂಬಲಮುಗಳ್‌ನ ರಿಫೈನರಿ ಕಡೆಯ ಬಸ್ಸಿನಲ್ಲಿ ಕುಳಿತರೆ ಎಲ್ಲರ ಬಾಯಲ್ಲೂ ಕಚ್ಚಾ ತೈಲದ ಮಾತು, ಎಲ್ಲರೂ ಪರಿಣತರು. ಗ್ಯಾಸ್ ಸಿಲಿಂಡರಿಗೆ ಕಾಯುವ ಹಾಗಾಯಿತು. ಬೆಲೆಗಳು ಮೆಟ್ಟಿಲು ಬಿಟ್ಟು ಲಿಫ್ಟ್ ಹತ್ತಿದವು. ಯಾವ ಅಂಗಡಿಯಲ್ಲಿ ಏಕೆ ಹೆಚ್ಚಾಯಿತು ಎಂದು ಕೇಳಿದರೂ ಒಂದೇ ಉತ್ತರ: “ಕಪ್ಪಲ್ ವನ್ನಿಲ್ಲ ಸಾರೇ.” ಹಡಗು ಬಂದಿಲ್ಲ. ಬೇಳೆ ಏರಿದ್ದಕ್ಕೂ ಅದೇ, ಎಣ್ಣೆ ಏರಿದ್ದಕ್ಕೂ ಅದೇ. ಪೊಳ್ಳಾಚಿಯಿಂದ ಲಾರಿಯಲ್ಲಿ ಬರುವ ಕರಿಬೇವು ಯಾವ ಹಡಗಿನಲ್ಲಿ ಬರುತ್ತದೆ ಎಂದು ನಾನೊಮ್ಮೆ ಕೇಳಿದೆ. ತರಕಾರಿಯವನು ನನ್ನನ್ನು ಮರುಕದಿಂದ ನೋಡಿದ.

ಇಲ್ಲಿ ಡಿಎ ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಕೊಚ್ಚಿಯಲ್ಲಿರುವ ನಾವು ಕನ್ನಡಿಗರು ಬಹುಪಾಲು ಬ್ಯಾಂಕಿನವರು, ಇಲ್ಲವೇ ಕೇಂದ್ರ ಸರ್ಕಾರದ ನೌಕರರು. ಬೆಲೆ ಏರಿದರೆ ನಮ್ಮ ತುಟ್ಟಿಭತ್ಯೆ ಏರುತ್ತದೆ. ಎಷ್ಟು ಏರಬೇಕು ಎಂಬುದು ನನ್ನಂಥವರು ಕಳಿಸುವ ಬೆಲೆಗಳ ಮೇಲೆ ನಿಂತಿದೆ. ಹಾಗಾಗಿ ನಮ್ಮ ಕನ್ನಡ ಸಂಘದಲ್ಲಿ ನನಗೆ ಊರ ದೇವರಿಗಿಂತ ಒಂದು ಕೈ ಹೆಚ್ಚು ಮರ್ಯಾದೆ. ಅದರಲ್ಲೂ ಬ್ಯಾಂಕಿನ ಪಾಟೀಲರು, ಧಾರವಾಡದವರು, ನನ್ನನ್ನು ಕಂಡರೆ ಕುರ್ಚಿ ಬಿಟ್ಟು ಏಳುತ್ತಾರೆ. “ಏನ್ರೀ ಸಾಹೇಬ್ರ, ಈ ಸರ್ತಿ ಕೈ ಸ್ವಲ್ಪ ಧಾರಾಳ ಬಿಡ್ರಿ. ಎಣ್ಣಿಗೆ ಎರಡು ರೂಪಾಯಿ ಹೆಚ್ಚಿಗಿ ಬರದ್ರ ನಿಮ್ಮ ಗಂಟೇನ್ ಹೋಗ್ತದ?” ಎಂದು ಕಿವಿಯಲ್ಲಿ ಹೇಳುತ್ತಾರೆ. ನಾನು ನ್ಯಾಯಾಧೀಶನ ಗಾಂಭೀರ್ಯದಿಂದ, “ಅಂಗಡಿಯವರು ಹೇಳಿದ್ದನ್ನ ಬರೀತೀನಿ ಪಾಟೀಲರೇ. ಒಂದು ಪೈಸೆ ಹೆಚ್ಚಿಲ್ಲ, ಒಂದು ಪೈಸೆ ಕಡಿಮೆ ಇಲ್ಲ,” ಎನ್ನುತ್ತೇನೆ. ಆ ಮಾತು ಅಕ್ಷರಶಃ ನಿಜವಾಗಿತ್ತು. ಅನರ್ಥವಾದದ್ದೂ ಅದರಿಂದಲೇ.

ಈ ವರ್ಷ ಯುಗಾದಿ ಊಟದ ಮಾತುಕತೆಗೆ ಸಂಘದ ಸಭೆ ಸೇರಿತು. ಖರ್ಚು ಮೇಲೆ ಹೋಗಿದೆ, ಈ ಬಾರಿ ಒಬ್ಬಟ್ಟು ಬೇಡ, ಕೇಟರಿಂಗಿನವರಿಂದ ಪಾಯಸ ತರಿಸೋಣ ಎಂದು ಖಜಾಂಚಿ ಹೇಳಿದರು. ಪಾಯಸದ ಮೇಲೆ ನನಗೆ ದ್ವೇಷವಿಲ್ಲ, ಅದರ ಋಣದಲ್ಲಿ ನಾನು ಸಾಕಷ್ಟು ಬೆಳೆದಿದ್ದೇನೆ. ಆದರೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಬರುತ್ತದೆ. ಒಬ್ಬಟ್ಟನ್ನು ಮಾತ್ರ ಅವು ಈಗಲೂ ಒಬ್ಬಟ್ಟು ಎಂದೇ ಕೇಳುತ್ತವೆ. ಅದೂ ಹೋದರೆ ಯುಗಾದಿಯಲ್ಲಿ ಉಳಿಯುವುದು ಬೇವು ಮಾತ್ರ. ನನಗೆ ನಿಜಕ್ಕೂ ಸಂಕಟವಾಯಿತು. ಎದ್ದು ನಿಂತು, “ಈ ಊರಿನ ಬೇಳೆ ಬೆಲ್ಲದ ಬೆಲೆ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದೀರಿ? ಖರೀದಿ ನನಗೆ ಬಿಡಿ. ಇದೇ ದುಡ್ಡಿನಲ್ಲಿ ಒಬ್ಬಟ್ಟು ಎಲೆಯ ಮೇಲೆ ಬೀಳದಿದ್ದರೆ ನನ್ನ ಹೆಸರು ಬದಲಾಯಿಸಿ,” ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಪಾಟೀಲರಂತೂ ಶಿಳ್ಳೆ ಹಾಕಿದರು. ಸುಮಂಗಲೆ ಮಾತ್ರ ಹೆಂಗಸರ ಸಾಲಿನಲ್ಲಿ ಕುಳಿತು, ಹಾಲು ಉಕ್ಕುವುದನ್ನು ದೂರದಿಂದ ನೋಡುವವಳ ಹಾಗೆ ನನ್ನನ್ನು ನೋಡುತ್ತಿದ್ದಳು.

ಖರೀದಿ ಎಲ್ಲಿ ಎಂಬ ಪ್ರಶ್ನೆಯನ್ನು ನಾನು ಆಗಲೇ ಬಗೆಹರಿಸಿಕೊಂಡಿದ್ದೆ. ನಾನು ದಿನಸಿಯ ಬೆಲೆ ಕೇಳುವ ಅಂಗಡಿಯಲ್ಲೇ. ನಿಯಮ ಇರುವುದು ನನ್ನ ಮನೆಗೆ ಕೊಳ್ಳಬಾರದು ಎಂದು. ಸಂಘ ನನ್ನ ಮನೆಯಲ್ಲವಲ್ಲ. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಇರುವವನಿಗೆ ಇಂಥ ಯುಕ್ತಿಗಳು ತಾವಾಗಿಯೇ ಹೊಳೆಯುತ್ತವೆ. ಆದರೆ ಸುಮಂಗಲೆ ಬಿಡಲಿಲ್ಲ. “ನಿಮಗೆ ಬೇಳೆಯಲ್ಲಿ ಹುಳ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ಬರ್ತದಾ? ನನ್ನ ಅಂಗಡಿಗೆ ಹೋಗುವ. ನಿಮ್ಮ ರೇಟು ಅಲ್ಲಿ ಹೇಳಿ, ಅವ ಕೊಟ್ರೆ ನಾನು ಇನ್ನು ಮುಂದೆ ಬಾಯಿ ತೆರೆಯುವುದಿಲ್ಲ,” ಎಂದಳು. ಇಂಥ ಆಮಿಷ ಸಣ್ಣದಲ್ಲ. ಆದರೂ ನಾನು ನನ್ನ ಅಂಗಡಿಯೇ ಎಂದೆ. ಹೀಗೆ ಚೀಲ ಹಿಡಿದು ಇಬ್ಬರೂ ಹೊರಟೆವು. ಜಂಕ್ಷನ್ನಿನಲ್ಲಿ ನಾನು ಎಡಕ್ಕೆ ತಿರುಗಿದೆ, ಅವಳೂ ತಿರುಗಿದಳು. ಸೋತು ನನ್ನ ಹಿಂದೆ ಬರುತ್ತಿದ್ದಾಳೆ ಎಂದುಕೊಂಡೆ. ಔಷಧಿ ಅಂಗಡಿಯ ಪಕ್ಕದ ಓಣಿಗೆ ಅವಳು ನುಗ್ಗಿದಳು. ನಾನೂ ಅಲ್ಲಿಗೇ ನುಗ್ಗಬೇಕಿತ್ತು. ಗಂಡ ದಾರಿಗೆ ಬಂದ ಎಂದು ಅವಳು ಅಂದುಕೊಂಡಿರಬೇಕು, ನಡಿಗೆಯಲ್ಲಿ ಒಂದು ಗತ್ತು ಬಂತು. ಕೊನೆಗೆ ಒಂದೇ ಮೆಟ್ಟಿಲ ಮೇಲೆ ಇಬ್ಬರೂ ಒಟ್ಟಿಗೆ ಕಾಲಿಟ್ಟು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವರ್ಗೀಸನ ದಿನಸಿ ಅಂಗಡಿ. ನಾನು ಬರುವುದು ತಿಂಗಳಿಗೊಮ್ಮೆ ಆಫೀಸಿನ ವೇಳೆಯಲ್ಲಿ, ಅವಳು ಸಂಜೆ. ಇಷ್ಟು ವರ್ಷ ಒಂದೇ ತಕ್ಕಡಿಯ ಮುಂದೆ ನಾವಿಬ್ಬರೂ ಪಾಳಿಯ ಮೇಲೆ ನಿಂತಿದ್ದೆವು.

ವರ್ಗೀಸ್ ನಮ್ಮಿಬ್ಬರನ್ನು ಒಟ್ಟಿಗೆ ಕಂಡು ಕೈ ಮುಗಿದ. ಮುಂದಿನ ಮಾತೆಲ್ಲ ನಡೆದದ್ದು ಮಲಯಾಳದಲ್ಲಿ. ಚೇಚಿ ಎಂದರೆ ಅಕ್ಕ, ಅದೊಂದನ್ನು ಬಿಟ್ಟು ಉಳಿದದ್ದನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ. “ಚೇಚಿ! ಕೊನೆಗೂ ಈ ಸಾರನ್ನು ಹುಡುಕಿ ನೀವೇ ಕರೆದುಕೊಂಡು ಬಂದಿರಾ? ನಿಮ್ಮದು ದೊಡ್ಡ ಮನಸ್ಸು. ನಾನು ಹೇಳುತ್ತಿರಲಿಲ್ಲವೇ, ಆ ಪಾಪದ ಕನ್ನಡದ ಸಾರ್, ಇವರೇ,” ಎಂದ. ಸುಮಂಗಲೆಯ ಮುಖ ಹಸಿಮೆಣಸು ಕಚ್ಚಿದ ಹಾಗಾಯಿತು. ನಾನು ಏನೂ ಅರ್ಥವಾಗದೆ, ಅಭ್ಯಾಸಬಲದಿಂದ, ಕಡಲೆಬೇಳೆ ಎಷ್ಟು ಎಂದೆ. ಅವನು ಒಂದು ಬೆಲೆ ಹೇಳಿದ. ನಾನು ಗೆದ್ದವನಂತೆ ಹೆಂಡತಿಯನ್ನು ನೋಡಿದೆ. ಅವಳು, “ವರ್ಗೀಸೇ, ಮೊನ್ನೆ ನನಗೆ ಇದೇ ಬೇಳೆಗೆ ಎಷ್ಟು ಹಾಕಿದ್ದಿ?” ಎಂದಳು. ವರ್ಗೀಸ್ ಅವಳನ್ನು ಪಕ್ಕಕ್ಕೆ ಕರೆದು, ನನಗೂ ಕೇಳಿಸುವಷ್ಟು ಗುಟ್ಟಾಗಿ ಹೇಳಿದ: “ಚೇಚಿ, ನಿಮ್ಮದು ಕೊಳ್ಳುವ ಬೆಲೆ. ಸಾರಿಗೆ ಹೇಳುವುದು ಕೇಳುವ ಬೆಲೆ.”

ಆಮೇಲೆ ಒಂದೊಂದೇ ಹೊರಗೆ ಬಂತು. ನಾನು ಮೊದಲು ಈ ಅಂಗಡಿಗೆ ಬಂದಾಗ ಗಲ್ಲಾದ ಮೇಲೆ ಇದ್ದದ್ದು ವರ್ಗೀಸನ ಅಪ್ಪ. ಅವರಿಗೆ ಗುರುತಿನ ಚೀಟಿ ತೋರಿಸಿ ಎಲ್ಲ ವಿವರಿಸಿದ್ದೆ. ಅವರು ತೀರಿಕೊಂಡ ಮೇಲೆ ಗಲ್ಫಿನಿಂದ ಮಗ ಬಂದು ಕುಳಿತ. ಅಪ್ಪ ಹೇಳಿರುತ್ತಾರೆ ಎಂದು ನಾನು ಸುಮ್ಮನಿದ್ದೆ. ಅಪ್ಪ ಹೇಳಿರಲಿಲ್ಲ. ವರ್ಗೀಸ್ ಕಂಡದ್ದು ಇಷ್ಟು: ಪ್ರತಿ ತಿಂಗಳೂ ಒಬ್ಬ ಬಡಕಲು ಮನುಷ್ಯ ಬರುತ್ತಾನೆ. ಅಂಗಡಿಯಲ್ಲಿರುವುದೆಲ್ಲದರ ಬೆಲೆ ಕೇಳುತ್ತಾನೆ. ದೇವರನ್ನು ನೆನೆಯುತ್ತಾನೆ. ಮೊಬೈಲಿನಲ್ಲಿ ಏನೋ ಒತ್ತಿ, ಕಣ್ಣು ನೆಟ್ಟು ಕಾಯುತ್ತಾನೆ. (ನೆಟ್‌ವರ್ಕ್ ಸಿಗದೆ ಕಾಯುವುದು ಅದು.) ಕೊನೆಗೆ ನಿಟ್ಟುಸಿರು ಬಿಟ್ಟು, ಏನೂ ಕೊಳ್ಳದೆ, ಚಹಾ ಕೂಡ ಮುಟ್ಟದೆ ಹೋಗುತ್ತಾನೆ. ಇವನು ಮನೆಗೆ ಬೆಲೆ ತಿಳಿಸಿ ಒಪ್ಪಿಗೆ ಕೇಳುತ್ತಾನೆ, ಆ ಕಡೆಯಿಂದ ಹೆಂಡತಿ ಬೇಡವೆನ್ನುತ್ತಾಳೆ ಎಂದು ವರ್ಗೀಸ್ ತೀರ್ಮಾನಿಸಿದ್ದ. ಒಂದು ಸಲವಾದರೂ ಕೊಳ್ಳಲಿ ಎಂದು ನನಗೆ ಬೆಲೆ ಇಳಿಸುತ್ತಾ ಬಂದ. ಹಡಗು ನಿಂತು ಎಲ್ಲವೂ ಏರಿದ ಮೇಲಂತೂ ಈ ಮುಖಕ್ಕೆ ನಿಜವಾದ ಬೆಲೆ ಹೇಳಲು ಅವನಿಗೆ ನಾಲಿಗೆಯೇ ಬರಲಿಲ್ಲವಂತೆ.

“ಆ ಹೆಂಡತಿಯನ್ನು ನಾವಿಬ್ಬರೂ ಎಷ್ಟು ಬೈದಿದ್ದೇವೆ, ಅಲ್ಲವಾ ಚೇಚಿ!” ಎಂದು ವರ್ಗೀಸ್ ಕೊನೆಯಲ್ಲಿ ಸೇರಿಸಿದ. ಸುಮಂಗಲೆ ನೆಲ ನೋಡಿದಳು. ಅಷ್ಟೇ ಅಲ್ಲ, ಕಳೆದ ಓಣಂ ಹೊತ್ತಿಗೆ ವರ್ಗೀಸ್ ನನ್ನ ಕೈಗೆ ಬಾಳೆಕಾಯಿ ಚಿಪ್ಸಿನ ದೊಡ್ಡ ಪೊಟ್ಟಣ ತುರುಕಲು ನೋಡಿದ್ದ, ನಾನು ಲಂಚದ ಬಗ್ಗೆ ಒಂದು ಸಣ್ಣ ಭಾಷಣ ಮಾಡಿ ಹಿಂದಿರುಗಿಸಿದ್ದೆ. ಆ ಪೊಟ್ಟಣಕ್ಕೆ ದುಡ್ಡು ಕೊಟ್ಟವಳು ಸುಮಂಗಲೆ. “ಪಾಪ, ನಮ್ಮ ಭಾಷೆಯವರು, ಹಬ್ಬಕ್ಕೆ ಬಾಯಿ ಸಿಹಿಯಾಗಲಿ” ಎಂದಿದ್ದಳಂತೆ. ಮನೆಯಲ್ಲಿ ಆ ಓಣಂಗೆ ಚಿಪ್ಸು ತಂದಿರಲಿಲ್ಲ, ದುಬಾರಿ ಎಂದು. ನನ್ನ ಪಾಲಿನ ಚಿಪ್ಸನ್ನು ನಾನೇ ತತ್ವಕ್ಕಾಗಿ ತಳ್ಳಿದ್ದೆ ಎಂಬ ದುಃಖ ಇವತ್ತಿಗೂ ಇದೆ.

“ಇವರು ನನ್ನ ಗಂಡ,” ಎಂದಳು ಸುಮಂಗಲೆ. ನಾನು ಗುರುತಿನ ಚೀಟಿ ತೆಗೆದು ತಕ್ಕಡಿಯ ಮೇಲಿಟ್ಟೆ. ವರ್ಗೀಸ್ ಅದನ್ನು ಹಿಂದೆ ಮುಂದೆ ತಿರುಗಿಸಿ ಓದಿ, ನಾಚಿಕೊಳ್ಳುವ ಬದಲು ಎದೆಯುಬ್ಬಿಸಿದ. “ಹಾಗಾದರೆ ನಾನು ಹೇಳಿದ್ದು ದೆಹಲಿಯವರೆಗೆ ಹೋಯಿತಾ ಸಾರ್?” ಎಂದ. ಹೋಯಿತು ಎಂದೆ. ತನ್ನ ಮರುಕ ಅಷ್ಟು ದೂರ ಪ್ರಯಾಣ ಮಾಡಿದ್ದಕ್ಕೆ ಅವನಿಗೆ ಬಹಳ ಸಂತೋಷವಾಯಿತು. ಸಂಘದ ಒಬ್ಬಟ್ಟಿಗೆ ಬೇಳೆ, ಬೆಲ್ಲ ಎಲ್ಲವನ್ನೂ ಕೇಳುವ ಬೆಲೆಗೇ ಕೊಡುತ್ತೇನೆ, ಆಡಿದ ಮಾತು ಆಡಿದ್ದೇ ಎಂದು ಹಟ ಹಿಡಿದ. ಸುಮಂಗಲೆ ಹಿಂದಿನಿಂದ ಚಿವುಟಿ, “ಹೂಂ ಅನ್ನಿ ಮಾರಾಯ್ರೇ,” ಎಂದು ಪಿಸುಗುಟ್ಟಿದಳು. ಹೂಂ ಎಂದರೆ ನನ್ನ ಶಪಥ ಉಳಿಯುತ್ತಿತ್ತು. ಆದರೆ ನನ್ನ ಮುಖ ಸುಳ್ಳು ಹೇಳಿ ಸಂಪಾದಿಸಿದ ಬೇಳೆಯನ್ನು ಹಬ್ಬದ ಎಲೆಗೆ ಬಡಿಸಲು ಮನಸ್ಸಾಗಲಿಲ್ಲ. “ಕೊಳ್ಳುವ ಬೆಲೆಗೇ ಹಾಕು ವರ್ಗೀಸ್. ದುಡ್ಡಿಗೆ ಎಷ್ಟು ಬರುತ್ತೋ ಅಷ್ಟೇ ಸಾಕು,” ಎಂದೆ. ಹೊರಟಾಗ ಅಂದುಕೊಂಡದ್ದಕ್ಕಿಂತ ಚೀಲ ಬಹಳ ಹಗುರವಾಗಿತ್ತು.

ದಾರಿಯಲ್ಲಿ ಸುಮಂಗಲೆ ಬಾಯಿ ಬಿಟ್ಟಳು. “ನೀವು ಮುಖ ಸಪ್ಪೆ ಮಾಡಿ ಮಾಡಿ ಇಡೀ ದೇಶದ ಡಿಎ ಇಳಿಸಿದ್ರಲ್ಲ! ಪಾಟೀಲರಿಗೆ ಗೊತ್ತಾದ್ರೆ ನಿಮ್ಮನ್ನು ಬಿಡ್ತಾರಾ?” ನಾನು, ದೇಶದಲ್ಲಿ ಸಾವಿರಾರು ಅಂಗಡಿಗಳಿವೆ, ಒಂದು ಅಂಗಡಿಯ ಮರುಕದಿಂದ ಸಮುದ್ರದ ನೀರು ಇಳಿಯುವುದಿಲ್ಲ ಎಂದು ಶಾಸ್ತ್ರೀಯವಾಗಿ ವಿವರಿಸಿದೆ. “ಎಂತದೂ ಬೇಡ. ನನಗೆ ವ್ಯಾಪಾರ ಬರುವುದಿಲ್ಲ ಅಂತ ಹೇಳ್ತಾ ಇದ್ರಲ್ಲ, ಅದನ್ನು ಈಗ ಒಮ್ಮೆ ಹೇಳಿ,” ಎಂದಳು. ಮನೆ ಬರುವವರೆಗೂ ಚೀಲ ನಾನೇ ಹೊತ್ತೆ.

ಯುಗಾದಿಯ ದಿನ ಒಬ್ಬಟ್ಟು ಎಲೆಯ ಮೇಲೆ ಬಿತ್ತು. ಹೂರಣ ಎಲ್ಲರಿಗೂ ಸಾಲಬೇಕಲ್ಲ, ಸುಮಂಗಲೆಯೂ ಉಳಿದ ಹೆಂಗಸರೂ ಸೇರಿ ಅದನ್ನು ಎಷ್ಟು ತೆಳ್ಳಗೆ ತಟ್ಟಿದ್ದರೆಂದರೆ ಬಡಿಸುವವರು ಫ್ಯಾನು ಆರಿಸಬೇಕಾಯಿತು. ಪಾಟೀಲರು ತಮ್ಮದನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಕಡೆ ಹಿಡಿದು, “ಸಾಹೇಬ್ರ, ಇದರೊಳಗಿಂದ ಆಚಿ ದಂಡಿ ಐಲ್ಯಾಂಡ್ ಕಾಣಸ್ತದಲ್ರೀ! ಹಡಗ ಬಂದದೇನ್ ನೋಡ್ಲೇನು?” ಎಂದರು. ನಾನು ಅಳುಕದೆ, ನಮ್ಮ ತುಮಕೂರಿನ ಕಡೆ ಒಬ್ಬಟ್ಟಿನ ಹೆಚ್ಚುಗಾರಿಕೆಯೇ ತೆಳುವಿನಲ್ಲಿದೆ, ದಪ್ಪಗೆ ಮಾಡುವುದು ಕೈ ಪಳಗದವರು ಎಂದು ಸಾರಿದೆ. ಅಷ್ಟರಲ್ಲಿ ಪಕ್ಕದ ಸಾಲಿನಿಂದ ನನ್ನ ಮಗಳು ಬಡಿಸುವವರಿಗೆ, “ಆಂಟಿ, ಒರು ಒಬ್ಬಟ್ಟು ಕೂಡಿ!” ಎಂದು ಕೂಗಿದಳು. ಇನ್ನೂ ಒಂದು ಬೇಕಂತೆ. ನನಗೆ ಕಣ್ಣು ಮಂಜಾಯಿತು. ನನ್ನ ಹೆಸರು ಬದಲಾಗಲಿಲ್ಲ.

ಮುಂದಿನ ತಿಂಗಳು ಸರಿಯಾದ ಬೆಲೆಗಳನ್ನೇ ಕಳಿಸಿದೆ. ತಿರುವನಂತಪುರದ ಆಫೀಸಿನಿಂದ ತಕ್ಷಣ ಫೋನು: ಪಾಲಾರಿವಟ್ಟಂನ ಒಂದೇ ಅಂಗಡಿಯಲ್ಲಿ ಬೆಲೆ ಹೀಗೆ ನೆಗೆದದ್ದೇಕೆ? ಹಿಂದಿನದು ಸರಿಯಿರಲಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಆ ಕಡೆಯವರು, ಕಾರಣದ ಜಾಗದಲ್ಲಿ ಇರುವ ಉತ್ತರಗಳಲ್ಲಿ ಒಂದನ್ನು ಆರಿಸಲೇಬೇಕು ಎಂದರು. ಋತುಮಾನ, ಪೂರೈಕೆ, ಗುಣಮಟ್ಟ, ಇತರೆ ಎಂದಿತ್ತು. ಅಂಗಡಿಯವನ ಕರುಣೆ ಮುಗಿದದ್ದು ಎಂದು ಎಲ್ಲಿಯೂ ಇರಲಿಲ್ಲ. ‘ಇತರೆ’ ಒತ್ತಿದೆ. ಈಗ ಅಂಗಡಿಗೆ ಹೋಗುವ ಮುಂಚೆ ಬಸ್ಸಿನ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡು ನಗುವುದನ್ನು ಅಭ್ಯಾಸ ಮಾಡುತ್ತೇನೆ. ಪಕ್ಕದ ಸೀಟಿನವರು ಎದ್ದು ಹೋಗುವುದರಿಂದ ಕೂರಲು ಜಾಗವೂ ವಿಶಾಲವಾಗುತ್ತದೆ.

ಇನ್ನು ನನ್ನನ್ನು ಯಾರೂ ಮರುಳು ಮಾಡಲಾರರು ಎಂಬ ಭರವಸೆ ಬಂದಿದೆ. ಮೊನ್ನೆ ಬೆಳಿಗ್ಗೆ ಆಫೀಸಿಗೆ ಹೊರಡುವಾಗ, ಮೇಜಿನ ಮೇಲಿದ್ದ ಹೊಸ ಕೊಬ್ಬರಿ ಎಣ್ಣೆಯ ಡಬ್ಬಿ ನೋಡಿ, ಇದಕ್ಕೆ ಎಷ್ಟಾಯಿತು ಎಂದು ಸುಮಂಗಲೆಯನ್ನು ಕೇಳಿದೆ. ಅವಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ಮೆತ್ತಗೆ ಒಂದು ಬೆಲೆ ಹೇಳಿದಳು. ಹೆದರಿದಷ್ಟೇನೂ ಏರಿಲ್ಲವಲ್ಲ, ಹಡಗುಗಳು ಬರಲು ಶುರುವಾಗಿರಬೇಕು ಎಂದು ಸಮಾಧಾನವಾಯಿತು. ಶಿಳ್ಳೆ ಹಾಕುತ್ತಾ ಮೆಟ್ಟಿಲಿಳಿದು ಬಸ್ ಸ್ಟಾಪಿನಲ್ಲಿ ನಿಂತೆ. ಬಸ್ಸು ಬಂದು, ಅದರ ಗಾಜಿನಲ್ಲಿ ನನ್ನ ಮುಖ ನನಗೆ ಕಂಡಮೇಲೆಯೇ ಗೊತ್ತಾದದ್ದು, ಅವಳು ಹೇಳಿದ್ದು ಕೇಳುವ ಬೆಲೆ ಎಂದು.